ನಮ್ಮ ಮೂಳೆಯ ಚರಿತ್ರೆ ಬರೆದವರು ಯಾರು?

ಚರಿತ್ರೆ ಅಂದರೆ ಹಂಪಿಯ ಬೀದಿಯಲ್ಲಿ ಮುತ್ತು ರತ್ನ ಅಳೆದು ಮಾರಿದ ಕತೆ ಅಂತ ಶಾಲೆಯಲ್ಲಿ ನಮಗೆ ಹೇಳಿಕೊಟ್ಟರು. ಅದೇ ಸೀಮೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಕೇರಿಗಳಲ್ಲಿ ಇನ್ನೊಂದು ಚರಿತ್ರೆ ಇದೆ. ಅದನ್ನು ಓದಲು ಶಾಸನ ಹುಡುಕಬೇಕಿಲ್ಲ, ಜನರ ಬಾಯಿ ನೋಡಿದರೆ ಸಾಕು. ಹಲ್ಲಿನ ಮೇಲೆ ಕಂದು ಗೆರೆ, ಸುಣ್ಣದಂಥ ಮಚ್ಚೆ. ಇನ್ನು ಕೆಲವರಿಗೆ ವಯಸ್ಸಿಗೆ ಮುಂಚೆಯೇ ಬಗ್ಗಿದ ಸೊಂಟ, ಮಡಚಿ ಕೂರಲಾರದ ಮಂಡಿ.

ಡಾಕ್ಟರು ಇದಕ್ಕೆ ಇಟ್ಟ ಹೆಸರು ಫ್ಲೋರೋಸಿಸ್. ನೆಲದಡಿಯ ಗ್ರಾನೈಟ್ ಬಂಡೆಯಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕರೆಗಟ್ಟುತ್ತದೆ. ಇನ್ನೂ ಹೆಚ್ಚು ಫ್ಲೋರೈಡ್ ವರ್ಷಗಟ್ಟಲೆ ಮೈಗೆ ಸೇರಿದರೆ ಮೂಳೆ, ಕೀಲು ಬಿಗಿಯುತ್ತವೆ. ಹಾಗೆ ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ.

ಶಾಲೆಯಲ್ಲಿ ಈ ಹೆಸರು ನಮಗೆ ಯಾರೂ ಹೇಳಲಿಲ್ಲ. "ಹಲ್ಲು ಉಜ್ಜಂಗಿಲ್ಲೇನಲೇ? ನಿಮ್ ಜನಾನೇ ಹಿಂಗ" ಅಂದರು ಒಬ್ಬ ಮೇಷ್ಟ್ರು. ಇದ್ದಿಲು, ಬೂದಿ, ಮರಳು ಹಾಕಿ ವಸಡಿನಲ್ಲಿ ರಕ್ತ ಬರುವ ತನಕ ಉಜ್ಜಿದೆವು. ಕರೆ ಹೋಗಲಿಲ್ಲ. ಹಲ್ಲು ದವಡೆಯೊಳಗೆ ಮೂಡುವಾಗಲೇ ಸೇರಿಕೊಂಡದ್ದು ಇದ್ದಿಲಿಗೆ ಹೇಗೆ ಹೋದೀತು? ನೀರು ಮಾಡಿದ ಕರೆಯನ್ನು ಜಾತಿಯ ಹೊಲಸು ಅಂತ ಓದಿದ ಸಮಾಜ ಇದು. ನಗು ಬಂದಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವ ನಮ್ಮ ಅಕ್ಕಂದಿರನ್ನು ಕೇಳಿ, ಈ ಕಾಯಿಲೆಯ ನೋವು ಎಲ್ಲಿಂದ ಶುರುವಾಗುತ್ತದೆ ಅಂತ ಹೇಳುತ್ತಾರೆ.

ಪುಸ್ತಕಗಳು ಈ ರೋಗದ ಕತೆಯನ್ನು 1937ರಿಂದ ಶುರು ಮಾಡುತ್ತವೆ. ಆ ವರ್ಷ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಎಚ್.ಇ. ಶಾರ್ಟ್ ಮತ್ತು ಸಂಗಡಿಗರು ಮನುಷ್ಯರ ಮೂಳೆಗೆ ತಗುಲಿದ ಫ್ಲೋರೋಸಿಸ್ ಬಗ್ಗೆ ಬರೆದರು. ಆದರೆ ಅದಕ್ಕೂ ಮುಂಚೆ, 1930ರ ದಶಕದ ಮೊದಲಲ್ಲೇ, ಆ ಕಡೆಯ ರೈತರು ಉಳುವ ಎತ್ತುಗಳು ಕಾಲು ಬಿಗಿದು ನಡೆಯಲಾರದ್ದನ್ನು ಕಂಡಿದ್ದರು. ಶಾರ್ಟ್ ಹೆಸರು ಉಳಿಯಿತು. ಎತ್ತಿನ ಕಾಲು ನೀವಿ ನೋಡಿದವರ ಹೆಸರು ಉಳಿಯಲಿಲ್ಲ.

ಬಳ್ಳಾರಿ ಜಿಲ್ಲೆಯೂ ಆಗ ಮದ್ರಾಸಿನದೇ. 1953ರಲ್ಲಿ ನಮ್ಮ ತಾಲೂಕುಗಳು ಮೈಸೂರಿಗೆ ಸೇರಿದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ತಿರುಗಿ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಕಚೇರಿಯ ಕಡತಗಳು ಇಷ್ಟು ಸಲ ಊರೂರು ಅಲೆದವಲ್ಲ, 1937ರಲ್ಲೇ ತಿಳಿದಿದ್ದ ಸಂಗತಿಯೊಂದು ನಮ್ಮ ಕೇರಿಯ ತನಕ ನಡೆದು ಬರಲಿಲ್ಲ.

ನಮ್ಮೂರ ಬಾವಿಗೆ ನಮ್ಮವರು ಕೊಡ ಇಳಿಸುವಂತಿರಲಿಲ್ಲ. ಮೇಲಿನವರು ಸುರಿದಷ್ಟು ನೀರು, ಅವರು ಬೈದಷ್ಟು ಬೈಗುಳ. ಮುಂದೆ ಕೇರಿಗೇ ಒಂದು ಬೋರಿಂಗು ಬಂತು. ಯಾರ ಹಂಗೂ ಇಲ್ಲದ ನೀರು ಅಂತ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದಳಂತೆ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯಲ್ಲಿ ಕೈಯದ್ದಿ ಗಳಿಸಲು ಹೊರಟ ಹಕ್ಕು, ನಮ್ಮ ಕೇರಿಗೆ ಕಬ್ಬಿಣದ ಹಿಡಿಕೆಯಾಗಿ ಬಂದಿತ್ತು. ಆ ನೀರಿನೊಳಗೆ ಏನಿದೆ ಅಂತ ಹೇಳುವವರು ಬರಲಿಲ್ಲ.

ಬಂದವರೂ ಇದ್ದರು. ಒಂದು ದಿನ ಜೀಪು ಬಂತು. ಬಾಯಿ ತೆರೆಸಿ ಹಲ್ಲು ನೋಡಿದರು. ಸೀಸೆಯಲ್ಲಿ ಉಚ್ಚೆ ಹಿಡಿದರು. ಬೋರಿಂಗಿನ ನೀರು ತುಂಬಿಕೊಂಡರು. ಹೆಬ್ಬೆಟ್ಟು ಒತ್ತಿಸಿಕೊಂಡರು. ಅಜ್ಜಿ ಕೇಳಿದಳು: "ಯಪ್ಪಾ, ಈ ನೀರು ಕುಡೀಬೇಕೋ ಬ್ಯಾಡೋ? ಮನ್ಯಾಗ ಬಸುರಿ ಅದಾಳ, ಅಷ್ಟು ಹೇಳಿ ಹೋಗ್ರಿ." "ವರದಿ ಬರ್ತದಮ್ಮಾ" ಅಂದರು. ಅಜ್ಜಿ ಮಣ್ಣಾದಳು. ವರದಿ ಬರಲಿಲ್ಲ.

ಸಂಶೋಧನೆ ಬೇಡ ಅನ್ನುವವರಲ್ಲ ನಾವು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ, ಫ್ಲೋರೈಡ್ ನೀರಿನ ಸೀಮೆಯಲ್ಲಿ ಮಂಡಿ ಒಳಬಾಗಿ ಕಾಲು ಸೊಟ್ಟಗಾದವರ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅಂಥ ಸೀಮೆಯ ಜೋಳದಲ್ಲಿ ಮಾಲಿಬ್ಡಿನಂ ಅನ್ನುವ ಲೋಹ ಹೆಚ್ಚಿದೆ, ಅದು ಮೈಯ ತಾಮ್ರವನ್ನು ಹೊರಹಾಕುತ್ತದೆ ಅಂತಲೂ ಆ ಸಂಸ್ಥೆಯವರು ಆಮೇಲೆ ತೋರಿಸಿದರು. ಜೋಳದ ರೊಟ್ಟಿ ತಿಂದು ಬೋರಿನ ನೀರು ಕುಡಿಯುವ ನಮಗೆ ಇದಕ್ಕಿಂತ ಹತ್ತಿರದ ವಿಜ್ಞಾನ ಯಾವುದು? ಅದು ಇಂಗ್ಲಿಷಿನಲ್ಲೇ ಉಳಿಯಿತು.

ಅದೇ ಸಂಸ್ಥೆಯವರು 1970ರ ದಶಕದಲ್ಲಿ ಸಾಗರ ತಾಲೂಕಿನ ಹಂದಿಗೋಡಿಗೂ ಹೋದರು. ಅಲ್ಲಿ ಕೂಲಿಯ ದಲಿತ ಕುಟುಂಬಗಳಲ್ಲಿ ಸೊಂಟದ ಕೀಲು ಸವೆದು ಜನ ಕುಂಟುತ್ತಿದ್ದರು, ತೆವಳುತ್ತಿದ್ದರು. ಇದು ಬೇರೆಯೇ ರೋಗ. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿ ತಿಂದದ್ದರಿಂದ ಬಂತೇ ಅನ್ನುವ ಅನುಮಾನ ಮೊದಲು ಎದ್ದಿತು. ಆಮೇಲೆ, ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುವ ರೋಗ ಅಂತ ತಳಿವಿಜ್ಞಾನಿಗಳು ತೋರಿಸಿದರು. 1997ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಹಂದಿಗೋಡಿನ ಕೀಲನ್ನು ದಕ್ಷಿಣ ಆಫ್ರಿಕಾದ ಮ್ಸೆಲೆನಿಯ ಕೀಲಿನ ಜೊತೆ ಇಟ್ಟು ಹೋಲಿಸಿದರು.

ವಿಜ್ಞಾನ ಒಂದೊಂದೇ ಮೆಟ್ಟಿಲು ಹತ್ತುವುದು ಸರಿಯೇ. ಆದರೆ ಅದನ್ನು ಹಂದಿಗೋಡಿನ ಜಗಲಿಯ ಮೇಲೆ ಕೂತು ನೋಡಿ. ಮೊದಲು ನಿನ್ನ ಊಟದ ಮೇಲೆ ಅನುಮಾನ, ಆಮೇಲೆ ನಿನ್ನ ರಕ್ತದ ಮೇಲೆ. ಕೊಳ್ಳಲು ಕಾಸಿದ್ದವನು ಗದ್ದೆಯ ಏಡಿಗೆ ಕೈ ಹಾಕುತ್ತಿದ್ದನೇ? ವಂಶದ ರೋಗ ಅಂದ ಮೇಲೆ ಮದುವೆಯ ಗತಿ ಏನು? ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಅಪಾಯ ಅನ್ನುವ ಮಾತನ್ನು ಆ ತಾಯಿಗೆ ಯಾರು, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು ಕೂತು ಹೇಳಬೇಕು? ನೋವಿಗೆ ಮಾತ್ರೆ, ತೆವಳುವವನಿಗೆ ಪಿಂಚಣಿ, ಮಗುವಿಗೆ ಶಾಲೆ: ರೋಗಿಯ ಪಟ್ಟಿಯಲ್ಲಿ ಇವು ಮೊದಲು. ಕಾರಣ ಹುಡುಕುವವರ ಪಟ್ಟಿಯಲ್ಲಿ ಇವಕ್ಕೆ ಎಷ್ಟನೇ ಸಾಲು?

ಇದನ್ನು ಕೇಳುತ್ತಿರುವವರು ನಾವಷ್ಟೇ ಅಲ್ಲ. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಆಟಿಸಂ ಇರುವವರೂ ಅವರ ಮನೆಯವರೂ ಇದನ್ನೇ ಹೇಳಿದರು: ಹಣವೆಲ್ಲ ಮಿದುಳು, ಜೀವಕಣಗಳ ಶೋಧಕ್ಕೆ ಹೋಗುತ್ತಿದೆ, ನಮಗೆ ಬೇಕಾದದ್ದು ದಿನದ ಬದುಕಿನ ದಾರಿ. ನಮ್ಮದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳೂ ಸಂಶೋಧನೆಯಲ್ಲಿ ಸಮುದಾಯದ ಪಾಲು ಇರಬೇಕು, ಅದರ ಲಾಭ ಸಮುದಾಯಕ್ಕೆ ಮುಟ್ಟಬೇಕು ಅನ್ನುತ್ತವೆ. ಈ ಮಾತು ಕೇರಿಗೆ ಗೊತ್ತಾದರೆ ತಾನೆ ಕೇರಿ ಕೇಳುವುದು?

ಅದಕ್ಕೇ ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮ ಮಾತು. ಕರೆಹಲ್ಲಿನ ಮಗುವನ್ನು ಬೈಯುವ ಮೊದಲು ಅದು ಯಾವ ಬೋರಿನ ನೀರು ಕುಡಿಯುತ್ತದೆ ಕೇಳಿ. ಸೀಸೆ ಹಿಡಿದು ಬಂದವರನ್ನು ಕೂರಿಸಿ ಕೇಳಿ: ಇದನ್ನು ಎಲ್ಲಿಗೆ ಒಯ್ಯುತ್ತೀರಿ, ಯಾವ ದಿನ ಬಂದು ಕನ್ನಡದಲ್ಲಿ ಹೇಳುತ್ತೀರಿ? ಉತ್ತರ ಬರೆಸಿಕೊಂಡೇ ಹೆಬ್ಬೆಟ್ಟು ಒತ್ತಿ.

ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಮಾತಿನ ಕಾರಣಿಕ ನುಡಿಯುತ್ತಾನೆ. ಓದು ಬರದವರೂ ಅದನ್ನು ಹೊತ್ತು ಊರಿಗೆ ಮುಟ್ಟಿಸುತ್ತಾರೆ, ವರ್ಷವಿಡೀ ಅದರ ಅರ್ಥ ಹುಡುಕುತ್ತಾರೆ. ನಮ್ಮ ಅಜ್ಜಿ ಕೇಳಿದ್ದೂ ಒಂದೇ ಮಾತು. ಈ ನೀರು ಕುಡೀಬೇಕೋ, ಬ್ಯಾಡೋ?