ಟ್ಯಾಲಿ ಬ್ಯಾಕಪ್ ರೀಸ್ಟೋರ್ ಆಗದಿದ್ದರೆ

ಅನೇಕ ಬಸದಿ, ಟ್ರಸ್ಟ್, ಅಂಗಡಿಗಳ ಲೆಕ್ಕ ಟ್ಯಾಲಿಯಲ್ಲಿದೆ. ಬ್ಯಾಕಪ್ ತೆರೆಯದಿದ್ದರೆ ದಾನಿಗಳಿಗೆ ಲೆಕ್ಕ ಒಪ್ಪಿಸುವುದು ಕಷ್ಟ.

1. ಬ್ಯಾಕಪ್ ಫೈಲನ್ನು ಪೆನ್‌ಡ್ರೈವ್‌ನಿಂದ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಹೆಸರು ಬದಲಿಸಬೇಡಿ.

2. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್+ವೈ ಒತ್ತಿ ರೀಸ್ಟೋರ್ ಆರಿಸಿ. ಹೊಸ ಖಾಲಿ ಫೋಲ್ಡರನ್ನೇ ಕೊಡಿ. ಈಗಿನ ಲೆಕ್ಕದ ಮೇಲೆಯೇ ರೀಸ್ಟೋರ್ ಮಾಡಿದರೆ, ಬ್ಯಾಕಪ್ ನಂತರ ಹಾಕಿದ ರಸೀದಿಗಳು ಅಳಿಸಿಹೋಗುತ್ತವೆ.

3. ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ, ಕಂಪನಿ ತೆರೆಯುವಾಗ ಅದೇ ಫೋಲ್ಡರಿನ ಪಾತ್ ಕೊಡಿ.

4. ಬ್ಯಾಕಪ್ ಹೊಸ ಆವೃತ್ತಿಯದಾಗಿದ್ದರೆ ಹಳೆಯ ಟ್ಯಾಲಿಯಲ್ಲಿ ತೆರೆಯದಿರಬಹುದು. ಎರಡನ್ನೂ ಹೋಲಿಸಿ ನೋಡಿ.

5. ಹೊಸ ಕಂಪನಿ ಮಾಡುವಾಗ ಲೆಕ್ಕ ಆರಂಭದ ದಿನಾಂಕ ಸರಿಯಾಗಿರಲಿ. ಅದಕ್ಕಿಂತ ಹಿಂದಿನ ವೋಚರ್ ಹಾಕಲಾಗದು.

ಕೊನೆಗೆ ನಗದು ಶಿಲ್ಕು, ಕೊನೆಯ ರಸೀದಿ ನಂಬರನ್ನು ರಸೀದಿ ಪುಸ್ತಕದೊಂದಿಗೆ ತಾಳೆ ನೋಡಿ. ಅಲ್ಲಿಯವರೆಗೆ ಹಳೆಯ ಫೋಲ್ಡರ್ ಅಳಿಸಬೇಡಿ.