ಭಾರತಮಾತೆಗೆ ಮಾತಿಲ್ವಾ ಸಾರ್?

ನಾನು ಈ ಶಾಲೆಯಲ್ಲಿ ಹನ್ನೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು. ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ಮೊದಲು ನೆನಪಾದದ್ದು ಒಂದು ಸ್ವಾತಂತ್ರ್ಯ ದಿನಾಚರಣೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಭಾರತಮಾತೆಯ ವೇಷ ಹಾಕಿಸಿ, ಕೈಗೆ ಬಾವುಟ ಕೊಟ್ಟು ವೇದಿಕೆಯ ನಡುವೆ ನಿಲ್ಲಿಸಿದ್ದೆವು. ಗಾಂಧೀಜಿ, ಸುಭಾಷರು, ಕಿತ್ತೂರು ಚೆನ್ನಮ್ಮ ಎಲ್ಲರಿಗೂ ಮಾತುಗಳಿದ್ದವು. ಅಭ್ಯಾಸದ ದಿನ ಅವಳು, "ಸಾರ್, ಭಾರತಮಾತೆಗೆ ಮಾತಿಲ್ವಾ?" ಎಂದು ಕೇಳಿದಳು. "ನೀನು ಸುಮ್ಮನೆ ನಿಂತ್ಕೊಂಡ್ರೆ ಸಾಕಮ್ಮ" ಎಂದೆ. ಮಕ್ಕಳೆಲ್ಲ ನಕ್ಕರು. ಓದುತ್ತಾ ಹೋದಂತೆ ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ದೇಶವೊಂದಕ್ಕೆ ಮನುಷ್ಯ ರೂಪ ಕೊಡುವ ಆಸೆ ಹೆಚ್ಚಾಗಿ ಹುಟ್ಟುವುದು ಸಂಕಟದ ಕಾಲದಲ್ಲಿ. ಬಂಕಿಮಚಂದ್ರ ಚಟರ್ಜಿಯವರ 'ಆನಂದಮಠ' 1882ರಲ್ಲಿ ಪುಸ್ತಕವಾಗಿ ಬಂತು. ಅದರ ಕಥೆ ನಡೆಯುವುದು 1770ರ ಬಂಗಾಳದ ಭೀಕರ ಕ್ಷಾಮದ ದಿನಗಳಲ್ಲಿ. ಆ ಕ್ಷಾಮದಲ್ಲಿ ಜನ ಹಸಿದು ಸತ್ತರೂ ಈಸ್ಟ್ ಇಂಡಿಯಾ ಕಂಪನಿಯ ಕಂದಾಯ ವಸೂಲಿ ನಿಲ್ಲಲಿಲ್ಲ. ಕಾದಂಬರಿಯಲ್ಲಿ ಮಹೇಂದ್ರನಿಗೆ ಸನ್ಯಾಸಿಯೊಬ್ಬರು ತಾಯಿಯ ಮೂರು ಮೂರ್ತಿಗಳನ್ನು ತೋರಿಸುತ್ತಾರೆ. ಹಿಂದೆ ಇದ್ದ ಸಮೃದ್ಧ ತಾಯಿ, ಈಗಿರುವ ತಾಯಿ, ಮುಂದೆ ಆಗಲಿರುವ ತಾಯಿ. ಈಗಿನ ತಾಯಿ ಕಾಳಿ. ಎಲ್ಲವನ್ನೂ ಕಳೆದುಕೊಂಡದ್ದರಿಂದ ಮೈಮೇಲೆ ಬಟ್ಟೆಯಿಲ್ಲ. ನಾಡೇ ಸ್ಮಶಾನವಾದ್ದರಿಂದ ಕೊರಳಲ್ಲಿ ರುಂಡಮಾಲೆ. ಅಂದರೆ ಕ್ಷಾಮದ ಗಾಯವನ್ನೇ ಬಂಕಿಮರು ದೇವಿಯ ಮೈಮೇಲೆ ಬರೆದರು. ಅವರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದು ನಮ್ಮ ಹಿರಿಯರಿಗೆ ಓದಿಸಿದರು. ಆದರೆ ಆ ಕಾದಂಬರಿಯಲ್ಲಿ ಮುಸ್ಲಿಮರ ಬಗ್ಗೆ ಕಟುವಾದ ಮಾತುಗಳೂ ಇವೆ ಎಂಬುದನ್ನು ಮುಚ್ಚಿಡಬಾರದು. ದೇಶಕ್ಕೆ ಒಂದೇ ಮುಖ ಬರೆಯಹೊರಟಾಗ ಯಾರೋ ಕೆಲವರು ಚಿತ್ರದಿಂದ ಹೊರಗುಳಿದುಬಿಡುತ್ತಾರೆ.

1905ರಲ್ಲಿ ಬಂಗಾಳ ಇಬ್ಭಾಗವಾದ ವರ್ಷ ಅವನೀಂದ್ರನಾಥ ಟಾಗೋರರು ಭಾರತಮಾತೆಯ ಚಿತ್ರ ಬರೆದರು. ನಾಲ್ಕು ಕೈಗಳಲ್ಲಿ ಪುಸ್ತಕ, ಭತ್ತದ ತೆನೆ, ಬಿಳಿ ಬಟ್ಟೆ, ಜಪಮಾಲೆ. ಆಯುಧವಿಲ್ಲ. ವಿದ್ಯೆ, ಅನ್ನ, ಬಟ್ಟೆ, ಭಕ್ತಿ ಇಷ್ಟನ್ನೇ ಆ ತಾಯಿ ಹಿಡಿದಿದ್ದಳು.

1947ರಲ್ಲಿ ದೇಶವೇ ಇಬ್ಭಾಗವಾಯಿತು. ಒಂದು ಕೋಟಿಗೂ ಹೆಚ್ಚು ಜನ ಮನೆಮಠ ಬಿಟ್ಟು ಗಡಿ ದಾಟಿದರು. ಆ ನೋವನ್ನು ಸಾದತ್ ಹಸನ್ ಮಂಟೊ 'ಟೋಬಾ ಟೇಕ್ ಸಿಂಗ್' ಎಂಬ ಉರ್ದು ಕಥೆಯಲ್ಲಿ ಹೇಳಿದರು. ಎರಡು ಸರ್ಕಾರಗಳು ಹುಚ್ಚಾಸ್ಪತ್ರೆಯ ರೋಗಿಗಳನ್ನೂ ಹಂಚಿಕೊಳ್ಳಲು ತೀರ್ಮಾನಿಸುತ್ತವೆ. ಹದಿನೈದು ವರ್ಷ ಮಲಗದೆ ನಿಂತೇ ಇದ್ದ ಬಿಷನ್ ಸಿಂಗ್‌ನನ್ನು ಎಲ್ಲರೂ ಅವನ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ನನ್ನ ಊರು ಯಾವ ದೇಶದಲ್ಲಿದೆ ಎಂಬ ಅವನ ಪ್ರಶ್ನೆಗೆ ಯಾರಲ್ಲೂ ಉತ್ತರವಿಲ್ಲ. ಕೊನೆಗೆ ಅವನು ಎರಡೂ ಗಡಿಗಳ ನಡುವಿನ, ಯಾರದೂ ಅಲ್ಲದ ನೆಲದ ಮೇಲೆ ಬೀಳುತ್ತಾನೆ. ಇಲ್ಲಿ ಮನುಷ್ಯನೇ ಊರಾಗಿದ್ದಾನೆ.

ಸಲ್ಮಾನ್ ರಶ್ದಿಯವರ 'ಮಿಡ್‌ನೈಟ್ಸ್ ಚಿಲ್ಡ್ರನ್' ಬಂದದ್ದು 1981ರಲ್ಲಿ. ಸ್ವಾತಂತ್ರ್ಯದ ಗಳಿಗೆಯಲ್ಲೇ ಹುಟ್ಟಿದ ಸಲೀಂ ಅದರ ನಾಯಕ. ಭೂಗೋಳದ ಮೇಷ್ಟ್ರು ಅವನ ಮುಖದಲ್ಲಿ ಭಾರತದ ನಕ್ಷೆ ತೋರಿಸಿ ತರಗತಿಯನ್ನೆಲ್ಲ ನಗಿಸುತ್ತಾರೆ, ಅವನ ಕೂದಲು ಕಿತ್ತುಬರುವಂತೆ ಎಳೆಯುತ್ತಾರೆ. 1965ರ ಯುದ್ಧದಲ್ಲಿ ಮನೆಯವರನ್ನು ಕಳೆದುಕೊಳ್ಳುವ ಸಲೀಂಗೆ ತನ್ನ ಹೆಸರೂ ಮರೆತುಹೋಗುತ್ತದೆ. ಆ ಮೇಷ್ಟ್ರ ಭಾಗ ಓದಿದಾಗ ನನಗೆ ನನ್ನದೇ ನೆನಪಾಗಿ ನಾಚಿಕೆಯಾಯಿತು. ನಾನೂ ಒಂದು ಮಗುವನ್ನು ನಕ್ಷೆಯಂತೆ ನಿಲ್ಲಿಸಿ ನಗಿಸಿದ್ದೆ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ವಿಭಜನೆಯ ಗಲಭೆಗಳಲ್ಲಿ ಅಪಹರಣಕ್ಕೆ ಒಳಗಾದ ಹೆಣ್ಣುಮಕ್ಕಳು ಎರಡೂ ಕಡೆ ಸೇರಿ ಸುಮಾರು 75 ಸಾವಿರ ಎಂದು ಅಂದಾಜಿದೆ. ಅವರನ್ನು ಹುಡುಕಿ ತರಲು 1949ರಲ್ಲಿ ನಮ್ಮ ಸಂವಿಧಾನ ಸಭೆ ಕಾನೂನು ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಹಿಂದಿರುಗಲು ಇಷ್ಟವಿದೆಯೇ ಎಂದು ಆ ಹೆಂಗಸರನ್ನು ಕೇಳಲೇಬೇಕೆಂಬ ನಿಯಮ ಅದರಲ್ಲಿರಲಿಲ್ಲ. ಮಕ್ಕಳಾಗಿ, ಹೊಸ ಸಂಸಾರ ಕಟ್ಟಿಕೊಂಡಿದ್ದ ಎಷ್ಟೋ ಮಂದಿಯನ್ನು ಅವರ ಮನಸ್ಸಿಗೆ ವಿರುದ್ಧವಾಗಿಯೇ ಕಳುಹಿಸಲಾಯಿತು. ದೇಶವನ್ನು ತಾಯಿ ಎಂದು ಪೂಜಿಸುತ್ತಿದ್ದ ಕಾಲದಲ್ಲೇ ನಿಜವಾದ ತಾಯಂದಿರಿಗೆ ಮಾತಿರಲಿಲ್ಲ.

ದೇಶವನ್ನು ತಾಯಿ ಎನ್ನುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಾನೂ ಹಾಗೆಂದೇ ಕೈಮುಗಿದು ಬೆಳೆದವನು. ಆದರೆ ದೇಶಕ್ಕೆ ಸ್ವಂತ ಮೈಯಿಲ್ಲ. ಅದಕ್ಕೆ ಗಾಯವಾಯಿತು ಎಂದರೆ ಹೆಸರಿರುವ ಯಾರದೋ ಮೈಗೆ ಗಾಯವಾಗಿದೆ ಎಂದೇ ಅರ್ಥ. ಒಳ್ಳೆಯ ಕಥೆಗಾರರು ಅದನ್ನು ಮರೆಯಲು ಬಿಡುವುದಿಲ್ಲ. ಇತಿಹಾಸದ ಮೇಷ್ಟ್ರಾಗಿ ನಾನು ಒಮ್ಮೆ ಮರೆತಿದ್ದೆ.

ಆ ವಿದ್ಯಾರ್ಥಿನಿ ಎಲ್ಲಿದ್ದಾಳೋ ತಿಳಿಯದು. ಈ ಸಂಚಿಕೆ ಅವಳ ಕೈ ಸೇರಿದರೆ, ಇದು ಅವಳ ಮೇಷ್ಟ್ರ ತಡವಾದ ಉತ್ತರ: ಇದೆಯಮ್ಮ, ಭಾರತಮಾತೆಗೂ ಮಾತಿದೆ. ಮಹೋತ್ಸವದ ವೇದಿಕೆಯಲ್ಲಿ ಈ ಬಾರಿಯೂ ಆ ವೇಷ ಇರುವುದಾದರೆ, ಅದನ್ನು ಹಾಕುವ ಮಗುವಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಈಗಿನ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ. ಏನು ಹೇಳಬೇಕೆಂದು ಆ ಮಗುವನ್ನೇ ಕೇಳಿದರೆ ಇನ್ನೂ ಒಳ್ಳೆಯದು.