ಒಡೆಯದೆ ಒಳಗನ್ನರಿಯುವುದು: ಬೆಂಗಳೂರಿನ 1951ರ ಒಂದು ಪ್ರಯೋಗವೂ ಅರ್ಬುದಕೋಶದ ಉಪಾಪಚಯವೂ

ದಬ್ಬೇಘಟ್ಟ, ತುರುವೇಕೆರೆಗಳ ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟ ತೆಂಗಿನಕಾಯಿಯನ್ನು ಒಡೆದು ಪರೀಕ್ಷಿಸುವ ರೂಢಿಯಿಲ್ಲ. ಕಿವಿಯ ಬಳಿ ಹಿಡಿದು ಅಲುಗಿಸುವರು. ನೀರು ಇಂಗಿತೇ, ಕೊಬ್ಬರಿ ಚಿಪ್ಪನ್ನು ಬಿಟ್ಟಿತೇ ಎಂಬುದು ಸದ್ದಿನಿಂದಲೇ ತಿಳಿಯುವುದು. ಒಡೆದರೆ ಸಂಶಯ ತೀರೀತು, ಆದರೆ ಕಾಯಿ ಕೆಟ್ಟಿತು. ಅರ್ಬುದಕೋಶದ ಉಪಾಪಚಯವನ್ನು ಕುರಿತ ಸಂಶೋಧನೆಗೂ ಬಹುಕಾಲ ಇದೇ ತೊಡಕಿದ್ದಿತು. 1920ರ ದಶಕದಲ್ಲಿ ಬರ್ಲಿನ್ನಿನ ಓಟ್ಟೊ ವಾರ್ಬುರ್ಗರು, ಅರ್ಬುದದ ಅಂಗಾಂಶವು ಆಮ್ಲಜನಕವಿದ್ದಾಗಲೂ ಸಕ್ಕರೆಯನ್ನು ಹೇರಳವಾಗಿ ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುವುದೆಂದು ತೋರಿಸಿದರು. ಆದರೆ ಅವರು ಪರೀಕ್ಷಿಸಿದುದು ದೇಹದಿಂದ ಕೊಯ್ದು ತೆಗೆದ ತೆಳುಹೋಳುಗಳನ್ನು.

ಈ ತೊಡಕನ್ನು ಕಳೆದ ಕಾಂತೀಯ ಅನುರಣನದ ಚರಿತ್ರೆಯನ್ನು ಅಮೆರಿಕದಿಂದಲೇ, 1946ರ ಬ್ಲಾಕ್ ಮತ್ತು ಪರ್ಸೆಲ್ಲರಿಂದಲೇ ಆರಂಭಿಸುವುದು ವಾಡಿಕೆ. ಅದು ಸರಿಯೇ. ಆದರೆ ಅಲ್ಲಿಂದ 1970ರ ದಶಕಕ್ಕೆ ಒಮ್ಮೆಲೇ ನೆಗೆಯುವುದನ್ನು ನಾವು ಒಪ್ಪಲಾರೆವು. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿನ ಅನುರಣನವನ್ನು ಕುರಿತು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ನಿಂತ ನೀರಿನ ಮೇಲೆ ರೇಡಿಯೋ ತರಂಗಗಳು ಬಲವಾಗಿ ಬೀಳುತ್ತಿದ್ದರೆ ಅದರ ಪರಮಾಣು ಬೀಜಗಳು ದಣಿದಂತಾಗಿ ಸಂಕೇತವು ಕುಗ್ಗುವುದು. ನೀರನ್ನು ಹರಿಯಬಿಟ್ಟರೆ ದಣಿಯದ ಹೊಸ ಬೀಜಗಳು ಬಂದು ಸಂಕೇತವು ಮತ್ತೆ ಹಿಗ್ಗುವುದು. ಅವರು ಕಂಡುದು ಇದನ್ನು. ಇದನ್ನೇ ಎಂ.ಆರ್.ಐ.ಯ ಜನನವೆಂದು ಕರೆಯುವ ಅಭಿಮಾನ ನಮಗೆ ಸಲ್ಲದು. ಅಲ್ಲಿ ಚಿತ್ರವಿರಲಿಲ್ಲ, ರೋಗಿಯಿರಲಿಲ್ಲ, ಅರ್ಬುದದ ಮಾತೇ ಇರಲಿಲ್ಲ. ಆದರೂ ಹರಿವನ್ನು ಹೊರಗಿನಿಂದಲೇ ಅರಿಯುವ ದಾರಿ ಅಲ್ಲಿ ತೆರೆದಿತ್ತು. 1959ರಲ್ಲಿ ಸಿಂಗರ್ ಎಂಬವರು ಇಲಿಯ ಬಾಲದ ರಕ್ತಪ್ರವಾಹವನ್ನು ಅನುರಣನದಿಂದ ಅಳೆದರು.

ಮುಂದಿನ ಘಟನೆಗಳು ಸುಪರಿಚಿತ. 1971ರಲ್ಲಿ ಡಮಾಡಿಯನ್ನರು ಇಲಿಗಳ ಗಡ್ಡೆಗಳಲ್ಲಿ ಸಂಕೇತವು ತಣಿಯುವ ಕಾಲವು ದೀರ್ಘವಾಗಿರುವುದನ್ನು ಕಂಡರು; 1973ರಲ್ಲಿ ಲಾಟರ್ಬರ್ ಚಿತ್ರ ತೆಗೆದರು. 2003ರ ನೊಬೆಲ್ ಬಹುಮಾನ ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡರಿಗೆ ಸಂದಿತು. ಡಮಾಡಿಯನ್ನರನ್ನು ಬಿಟ್ಟುದರ ಜಗಳವನ್ನು ಇಲ್ಲಿ ಕೆದಕುವುದಿಲ್ಲ.

ಅದೇ 2003ರಲ್ಲಿ, ದ್ರವದಲ್ಲಿನ ಬೀಜಗಳ ಸಂಕೇತವನ್ನು ಹತ್ತು ಸಾವಿರ ಪಟ್ಟಿಗೂ ಮಿಗಿಲಾಗಿ ಹೆಚ್ಚಿಸುವ ವಿಧಾನವು ಪ್ರಕಟವಾಯಿತು. ಇಂಗಾಲ-13 ಸೇರಿದ ಪೈರುವೇಟನ್ನು ಹೀಗೆ ಹೊರಗೆ ಸಿದ್ಧಗೊಳಿಸಿ ರಕ್ತನಾಳಕ್ಕೆ ಚುಚ್ಚಿದರೆ, ಜೀವಂತ ಗಡ್ಡೆಯಲ್ಲಿ ಅದು ಲ್ಯಾಕ್ಟೇಟಾಗುವುದನ್ನು ನೋಡಬಹುದು. 2013ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದವರು ಪ್ರಾಸ್ಟೇಟ್ ಅರ್ಬುದವಿದ್ದ 31 ಪುರುಷರಲ್ಲಿ ಇದನ್ನು ನಡೆಸಿದ ವರದಿ ಹೊರಬಂದಿತು. ವಾರ್ಬುರ್ಗರು ಹೋಳಿನಲ್ಲಿ ಕಂಡುದನ್ನು ಇವರು ಕೊಯ್ಯದೆ ಕಂಡರು. ಇದು ಸೂರ್ಯನ್ನರ ಲೇಖನದಿಂದ ನೇರವಾಗಿ ಹುಟ್ಟಿತೆಂದು ನಾವು ಹೇಳೆವು. ಆದರೆ ಇಲ್ಲಿಯೂ ಹೊಸ ಬೀಜಗಳನ್ನು ಹೊತ್ತು ತರುವುದು ಹರಿವೇ. ಸಂಕೇತವು ಅಡಗಲು ಕೆಲವೇ ನಿಮಿಷಗಳು ಸಾಕಾದುದರಿಂದ, ವೈದ್ಯರು ನೋಡಬೇಕಾದುದನ್ನೆಲ್ಲ ಅಷ್ಟರೊಳಗೆ ನೋಡಬೇಕು.